ತೊಲೆ

ನಮ್ಮೂರಿನವರು ಆ ಬೆಟ್ಟವನ್ನು ಸ್ಕಂದಗಿರಿ ಅನ್ನುವುದಿಲ್ಲ, ಕಳವಾರ ಬೆಟ್ಟ ಅನ್ನುತ್ತಾರೆ. ಸ್ಕಂದಗಿರಿ ಎಂಬ ಹೆಸರನ್ನು ನಾನು ಹೆಚ್ಚಾಗಿ ಕೇಳಿದ್ದು ಬೆಂಗಳೂರಿನಿಂದ ಬರುವವರ ಬಾಯಲ್ಲಿ. ಶನಿವಾರ ರಾತ್ರಿ ಬೈಕುಗಳಲ್ಲಿ ಬಂದು ಪಾಪಾಗ್ನಿ ಮಠದ ಹತ್ತಿರ ಇಳಿದು, ಟಾರ್ಚ್ ಹಿಡಿದು ಕತ್ತಲಲ್ಲೇ ಬೆಟ್ಟ ಹತ್ತುತ್ತಿದ್ದರು. ಮೇಲಿನ ಪಾಳುಕೋಟೆಯ ಗೋಡೆಯ ಮೇಲೆ ಕೂತು, ಮೋಡದ ಆಚೆಯಿಂದ ಸೂರ್ಯ ಮೂಡುವುದನ್ನು ನೋಡಿ, ಬಿಸಿಲೇರುವ ಮೊದಲೇ ಇಳಿದುಬಿಡುತ್ತಿದ್ದರು. ಅವರು ಯಾಕೆ ನಿದ್ದೆಗೆಟ್ಟು ಬರುತ್ತಾರೆ ಅನ್ನುವುದು ನಮ್ಮ ಅಮ್ಮನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ರೇಷ್ಮೆ ಹುಳು ಸಾಕುವವರಿಗೆ ನಿದ್ದೆಗೆಡಲು ಬೆಟ್ಟ ಬೇಕಾಗಿಲ್ಲ.

2009ರ ಡಿಸೆಂಬರಿನ ಒಂದು ಭಾನುವಾರ ಸೊಪ್ಪು ಕೊಯ್ಯಲು ಹೋಗುತ್ತಿದ್ದಾಗ, ದಾರಿಯ ಪಕ್ಕದ ಎರಡು ನೀಲಗಿರಿ ಮರಗಳ ನಡುವೆ ಹಸಿರು ಬಟ್ಟೆಯೊಂದು ಜೋಲುತ್ತಿತ್ತು. ಒಳಗೆ ಒಬ್ಬಳು ಹುಡುಗಿ ಪುಸ್ತಕ ಓದುತ್ತಾ ಮಲಗಿದ್ದಳು. ಒಂದು ಕಾಲು ಹೊರಗೆ ಇಳಿಬಿದ್ದಿತ್ತು. ನಾನು ನಿಂತು ನೋಡುತ್ತಿದ್ದುದನ್ನು ಕಂಡು, 'ಕೂತ್ಕೋತೀಯಾ?' ಎಂದು ಎದ್ದು ಜಾಗ ಕೊಟ್ಟಳು. ಅದರ ಹೆಸರು ಹ್ಯಾಮಕ್ ಎಂದಳು. ಎರಡು ನಿಮಿಷ ಮಲಗಿದ್ದಿರಬಹುದು. ಬೆನ್ನಿಗೆ ನೆಲ ತಾಗದೆ ಇರುವುದೆಂದರೆ ಏನು ಅನ್ನುವುದು ನನಗೆ ಅವತ್ತೇ ತಿಳಿದದ್ದು.

ಇದು ದೊಡ್ಡ ವಿಷಯವಾಗಿ ಕಾಣಲು ಕಾರಣವಿತ್ತು. ನಾನು ಆಗ ಹತ್ತನೇ ಕ್ಲಾಸು. ನನ್ನದು ಅನ್ನುವ ಒಂದು ಕೋಣೆ ಇತ್ತು, ಆದರೆ ವರ್ಷಕ್ಕೆ ಐದು ಬೆಳೆ ತೆಗೆಯುವ ಮನೆಯಲ್ಲಿ ಅದು ಸುಮಾರು ಐದು ತಿಂಗಳು ಹುಳುಗಳದ್ದು. ಮೊಟ್ಟೆ ಒಡೆದು ಗೂಡು ಬಿಡಿಸುವವರೆಗೆ ಸುಮಾರು ಒಂದು ತಿಂಗಳು. ಅದರಲ್ಲಿ ಹುಳುವಿಗೆ ನಾಲ್ಕು ಜ್ವರ. ಪೊರೆ ಬಿಡುವ ಮುಂಚೆ ಅದು ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಮನೆಯವರಿಗೆ ಬಿಡುವಿಲ್ಲ. ಹುಳು ತನ್ನ ಇಡೀ ಆಯಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ತಿನ್ನುವುದು ಆ ಕೊನೆಯ ಒಂದು ವಾರದಲ್ಲಿ. ಕೋಣೆಯ ಗೋಡೆಯುದ್ದಕ್ಕೂ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ಬಿದಿರಿನ ತಟ್ಟೆಗಳು, ಇರುವೆ ಹತ್ತದಂತೆ ಕಾಲುಗಳಿಗೆ ನೀರಿನ ಬಟ್ಟಲು, ಕಿಟಕಿಗೆ ಊಜಿ ನೊಣದ ಬಲೆ. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಹುಳು ಸಾಯುತ್ತದೆ. ಅಪ್ಪ ಪಡಸಾಲೆಯಲ್ಲಿ ಮಲಗುತ್ತಿದ್ದ. ಕೋಣೆಯಲ್ಲಿ ಉಳಿಯುತ್ತಿದ್ದುದು ಎರಡು ಚಾಪೆಯ ಜಾಗ: ಒಂದು ಬಾಗಿಲ ಪಕ್ಕ, ಇನ್ನೊಂದು ನಟ್ಟನಡುವೆ. ಬಾಗಿಲ ಪಕ್ಕದ್ದು ನನ್ನದು, ನಡುವಿನದು ಅಮ್ಮನದು.

ಅಪ್ಪನನ್ನು ಕೇಳಿದೆ. 'ನಿಮ್ಮಮ್ಮನ್ನ ಕೇಳು' ಅಂದ. ಅಪ್ಪ ಯಾವುದಕ್ಕೂ ಅಷ್ಟೇ ಅನ್ನುವುದು.

ಅಮ್ಮನ ಹತ್ತಿರ ಮೊದಲು ಜಾಗದ ಲೆಕ್ಕ ಹೇಳಿದೆ. ಜೋಲಿ ಕಟ್ಟಿದರೆ ನನ್ನ ಚಾಪೆಯ ಜಾಗ ಉಳಿಯುತ್ತದೆ, ಅಲ್ಲಿ ಇನ್ನೊಂದು ಸ್ಟ್ಯಾಂಡು ಇಡಬಹುದು, ಇನ್ನೂ ಇಪ್ಪತ್ತು ಮೊಟ್ಟೆ ಹೆಚ್ಚಿಗೆ ತರಬಹುದು. ಸೊಪ್ಪು ಹೆಚ್ಚುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. 'ಹುಳುಗೆ ಅಲುಗಾಟ ಆಗಲ್ಲ.'

ನಾಲ್ಕು ದಿನ ಬಿಟ್ಟು ಸ್ಕೂಲಿನ ಲೈಬ್ರರಿಯಿಂದ ಒಂದು ಕಥೆ ತಂದೆ. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಅಲ್ಲಿನ ಜನ ಹತ್ತಿಯ ಬಲೆಯಲ್ಲಿ ಮಲಗುವುದನ್ನು ಕಂಡನಂತೆ. ಹ್ಯಾಮಕ್ ಅನ್ನುವ ಪದವೂ ಅವರದೇ. ಆಮೇಲೆ ಯುರೋಪಿನ ಹಡಗುಗಳಲ್ಲಿ ಜಾಗ ಸಾಲದೆ ನಾವಿಕರೆಲ್ಲ ಅದರಲ್ಲೇ ಮಲಗತೊಡಗಿದರು. ಸಮುದ್ರದ ಅಲೆಗೇ ಬೀಳದ್ದು ನಮ್ಮ ಮನೆಯಲ್ಲಿ ಬೀಳುತ್ತದೆಯೆ?

'ಅವ್ರ ಹಡಗಲ್ಲಿ ಹುಳ ಇತ್ತಾ?' ಅಂದಳು ಅಮ್ಮ.

ಮೂರನೆಯದಾಗಿ ಆಸೆ ತೋರಿಸಿದೆ. ಜೋಲಿಯಲ್ಲಿ ಕೂತು ಓದಿದರೆ ನಿದ್ದೆ ಬರುವುದಿಲ್ಲ, ಗಣಿತದಲ್ಲಿ ತೊಂಬತ್ತು ತರುತ್ತೇನೆ. ಅದಕ್ಕೆ ಅವಳಿಗೆ ಸಿಟ್ಟೇ ಬಂತು. ಅಮ್ಮನಿಗೆ ಸಿಟ್ಟು ಬಂದರೆ ಮಾತು ತೆಲುಗಿಗೆ ತಿರುಗುತ್ತದೆ. 'ವದ್ದಂಟೆ ವದ್ದು' ಅಂದಳು. ನಮ್ಮ ಮನೆಯಲ್ಲಿ ಅದರ ಮೇಲೆ ಮೇಲ್ಮನವಿ ಇಲ್ಲ.

ನಾನೂ ಮಾತು ಬಿಟ್ಟೆ. ಹಠ ಹಿಡಿದು ಅವಳ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ರಾತ್ರಿ ಹತ್ತಕ್ಕೊಮ್ಮೆ, ಬೆಳಗಿನ ಜಾವ ನಾಲ್ಕಕ್ಕೊಮ್ಮೆ ಸೊಪ್ಪು ಹಾಕಲು ಅವಳು ಏಳುವುದು ಗೊತ್ತಾಗುತ್ತಿತ್ತು. ಹಾಕಿದ ಸ್ವಲ್ಪ ಹೊತ್ತಿಗೆ ತಟ್ಟೆಗಳಿಂದ ಸಣ್ಣ ಮಳೆ ಹಿಡಿದಂಥ ಸದ್ದು. ನಾನು ಕಂಬಳಿ ಮುಸುಕೆಳೆದು ಎಚ್ಚರವಿಲ್ಲದಂತೆ ಮಲಗಿರುತ್ತಿದ್ದೆ. ಬೇರೆ ಬೆಳೆಗಳಲ್ಲಿ ನಾಲ್ಕರ ಸೊಪ್ಪಿಗೆ ನಾನೂ ಏಳುತ್ತಿದ್ದೆ.

ಹುಳು ಹಣ್ಣಾಯಿತು. ಚಂದ್ರಿಕೆಗೆ ಬಿಟ್ಟದ್ದಾಯಿತು. ಗೂಡು ಬಿಡಿಸಿ ಮೂಟೆ ಕಟ್ಟಿ, ಬೆಳಗಾಗುವ ಮುಂಚೆ ಅಪ್ಪ ಅಮ್ಮ ಇಬ್ಬರೂ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟರು. ಕೋಣೆ ಖಾಲಿ. ಇದಕ್ಕಿಂತ ಒಳ್ಳೆಯ ದಿನ ಸಿಗದು ಅನ್ನಿಸಿತು. ಒಮ್ಮೆ ಕಟ್ಟಿ ತೋರಿಸಿದರೆ ಬಿಚ್ಚಿಸಲಿಕ್ಕಿಲ್ಲ ಎಂದು ಬಾವಿಯ ಹಳೆ ಹಗ್ಗ ತಂದು, ಸ್ಟ್ಯಾಂಡು ಹತ್ತಿ, ಹೆಂಚಿನ ಕೆಳಗಿನ ತೊಲೆಗೆ ಕೈ ಹಾಕಿದೆ.

ಕೈ ಒಳಗೆ ಹೋಯಿತು.

ಮೇಲೆ ಮೆತ್ತಿದ್ದ ಸುಣ್ಣದ ಮಣ್ಣು ಹೆಕ್ಕಳೆಯಾಗಿ ಕಿತ್ತು ಬಂತು. ಒಳಗೆ ಮರವಿರಲಿಲ್ಲ, ಹಿಟ್ಟಿತ್ತು. ಗೆದ್ದಲು ತಿಂದು ಉಳಿಸಿದ ಹಿಟ್ಟು ನನ್ನ ತಲೆ, ಮುಖ, ನೆಲದ ಮೇಲೆಲ್ಲ ಸುರಿಯಿತು. ಉಸಿರು ಬಿಗಿಹಿಡಿದು ಇಳಿದೆ. ಗುಡಿಸಲೂ ಹೋಗಲಿಲ್ಲ. ಹೊರಗೆ ಬಂದು ಜಗಲಿಯ ಮೇಲೆ ಕೂತೆ.

ಮಧ್ಯಾಹ್ನ ಅಮ್ಮ ಬಂದಳು. ಕೋಣೆಗೆ ಹೋಗಿ ನೆಲ ನೋಡಿದಳು, ಮೇಲೆ ನೋಡಿದಳು, ಸ್ಟ್ಯಾಂಡಿನ ಮೇಲಿದ್ದ ಹಗ್ಗ ನೋಡಿದಳು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

'ನೋಡ್ಬಿಟ್ಯಾ' ಅಂದಳು, ಅಷ್ಟೇ.

'ನಿಂಗೆ ಗೊತ್ತಿತ್ತಾ?'

'ಎರಡು ವರ್ಷ ಆಯ್ತು. ನಾನೇ ಮಣ್ಣು ಮೆತ್ತಿದ್ದು. ಪ್ರತಿ ಬೆಳೆಗೂ ಈ ಸಲ ಮಾಡಿಸ್ಬಿಡೋಣ ಅಂದ್ಕೊತೀನಿ. ಒಂದ್ಸಲ ಬೋರಿನ ಮೋಟ್ರು ಸುಟ್ಟೋಗುತ್ತೆ, ಒಂದ್ಸಲ ಸಾಲದೋರು ಬಾಗಿಲಿಗೆ ಬರ್ತಾರೆ.'

'ಹೇಳ್ಬೋದಿತ್ತಲ್ಲಮ್ಮ.'

'ಹೇಳಿದ್ರೆ ನೀನು ಅದರ ಕೆಳಗೆ ಮಲಗಿ ಓದ್ತಿದ್ಯಾ?'

ನನಗೆ ಆಗ ಹೊಳೆದದ್ದು ಚಾಪೆಗಳ ವಿಷಯ. ನನ್ನದು ಯಾವಾಗಲೂ ಬಾಗಿಲ ಪಕ್ಕ, ಗೋಡೆಗೆ ಒತ್ತಿ. ಅಮ್ಮನದು ನಡುವೆ, ನೇರ ತೊಲೆಯ ಕೆಳಗೆ. ಚಳಿಗಾಲದಲ್ಲಿ ಬಾಗಿಲ ಗಾಳಿ ಹೊಡೆಯುತ್ತದೆ, ನಡುವಿನ ಬೆಚ್ಚಗಿನ ಜಾಗ ನನಗೆ ಕೊಡು ಎಂದು ನಾನು ಎರಡು ವರ್ಷ ಜಗಳ ಆಡಿದ್ದೆ. ಸ್ವಾರ್ಥಿ ಎಂದೂ ಒಮ್ಮೆ ಅಂದಿದ್ದೆ.

ಆ ಸಲ ಗೂಡಿಗೆ ದರ ಪರವಾಗಿರಲಿಲ್ಲ. ಮುಂದಿನ ಬೆಳೆಗೆ ಮುಂಚೆ ಹೆಂಚು ಇಳಿಸಿ, ತೊಲೆ ತೆಗೆದು, ಚಿಕ್ಕಬಳ್ಳಾಪುರದಿಂದ ತಂದ ಕಬ್ಬಿಣದ ಗರ್ಡರು ಹಾಕಿಸಿದರು. ಬೋರ್ಡ್ ಪರೀಕ್ಷೆಗೆ ಎರಡು ತಿಂಗಳಿತ್ತು. ಜೋಲಿಯ ಸುದ್ದಿ ನಾನು ಮತ್ತೆ ಎತ್ತಿರಲಿಲ್ಲ, ಎತ್ತುವ ಮುಖವೂ ಇರಲಿಲ್ಲ. ಸ್ಕೂಲಿನಿಂದ ಬಂದಾಗ ವೆಲ್ಡಿಂಗಿನವನು ಸಾಮಾನು ಕಟ್ಟುತ್ತಿದ್ದ. ಗರ್ಡರಿಗೆ ಆರಡಿ ಅಂತರದಲ್ಲಿ ಎರಡು ಕೊಕ್ಕೆ ಬೆಸೆದಿದ್ದ. 'ನಿಮ್ಮಮ್ಮ ಹೇಳಿದ್ರು' ಅಂದ.

ಬಟ್ಟೆಯನ್ನೂ ಅಮ್ಮನೇ ಆರಿಸಿದಳು. ನನ್ನ ಕಣ್ಣು ಅವಳ ಹಸಿರು ನೈಲೆಕ್ಸ್ ಸೀರೆಯ ಮೇಲಿತ್ತು. ಅದು ಗಂಟು ಜಾರುತ್ತದೆ ಎಂದು ಪಕ್ಕಕ್ಕಿಟ್ಟು, ಒಂದು ಹಳೆಯ ಕೈಮಗ್ಗದ ನೂಲಿನ ಸೀರೆ ತೆಗೆದು ಎರಡು ಮಡಿಕೆ ಮಾಡಿದಳು. ನಾನು ಹಲಗೆಯಂತೆ ಸಪಾಟಾಗಿರಲಿ ಎಂದು ಬಿಗಿದು ಕಟ್ಟಿದೆ. ಬಿಚ್ಚಿಸಿದಳು. 'ಜೋಲು ಬಿಡು. ಬಿಗಿ ಕಟ್ಟಿದಷ್ಟೂ ಹಗ್ಗಕ್ಕೆ ಭಾರ ಜಾಸ್ತಿ. ನಿನ್ನ ಎರಡು ವರ್ಷ ತೂಗಿಲ್ವಾ ನಾನು?' ಪಿಯುಸಿಯಲ್ಲಿ ಇದೇ ಲೆಕ್ಕ ಬಂತು. ಜೋಲಿಯ ಹಗ್ಗ ಅಡ್ಡಗೆರೆಗೆ 30 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಹಗ್ಗವೂ ಮಲಗಿದವರ ಪೂರ್ತಿ ತೂಕದಷ್ಟು ಎಳೆತ ತಡೆಯಬೇಕು. ಕೋನ ಇನ್ನೂ ಕಿರಿದಾದರೆ ಎಳೆತ ಅದಕ್ಕೂ ಹೆಚ್ಚು. ಬೋರ್ಡಿನ ಮೇಲೆ ಮೇಷ್ಟ್ರು ಬಾಣದ ಗುರುತು ಎಳೆಯುತ್ತಿದ್ದಾಗ ನನಗೆ ಕಾಣುತ್ತಿದ್ದುದು ಅಮ್ಮನ ಕೈಯ ಗಂಟು.

ಕಟ್ಟಿ ಮುಗಿದ ಮೇಲೆ ಹತ್ತಲು ಹೋದೆ. ತಡೆದಳು. 'ನಿನ್ನ ತೂಕ ಎಷ್ಟು?'

'ನಲವತ್ತೆರಡು.'

ಅಪ್ಪನನ್ನು ಕರೆದು 50 ಕೆಜಿಯ ರಾಗಿ ಮೂಟೆ ಹೊರಿಸಿಕೊಂಡು ಬಂದು ಜೋಲಿಯಲ್ಲಿ ಮಲಗಿಸಿದಳು. ಒಂದು ರಾತ್ರಿ ತಡೆದರೆ ನಾಳೆಯಿಂದ ನೀನು, ಅಂದಳು.

ಅವತ್ತು ನಾನು ಬಾಗಿಲ ಪಕ್ಕದ ಚಾಪೆಯಲ್ಲೇ ಮಲಗಿದೆ. ರಾತ್ರಿ ಎಷ್ಟೋ ಹೊತ್ತಿನಲ್ಲಿ ಎಚ್ಚರವಾಯಿತು. ಸೊಪ್ಪು ಹಾಕಲು ಹುಳುವಿರಲಿಲ್ಲ, ಆದರೂ ಅಮ್ಮ ಎದ್ದಿದ್ದಳು. ದೀಪ ಹಾಕದೆ, ಕತ್ತಲಲ್ಲೇ ನಿಂತು, ಒಂದು ಕೈಯಲ್ಲಿ ಮೂಟೆಯನ್ನು ಮೆಲ್ಲಗೆ ತೂಗಿ, ತಲೆಯೆತ್ತಿ ಕೊಕ್ಕೆಯ ಸದ್ದು ಕೇಳಿಸಿಕೊಳ್ಳುತ್ತಿದ್ದಳು.