ಸೋತ ಮೇಲಿನ ಹತ್ತು ನಿಮಿಷ

ಟೋಕಿಯೊಗೆ ಹೋಗುವುದು ನಿಶ್ಚಯವಾದಾಗ ಹನ್ನೊಂದು ವರ್ಷದ ನನ್ನ ಮಗ ಕೇಳಿದ್ದು ಒಂದೇ ಮಾತು: “ಅಮ್ಮಾ, ಅಕಿಹಾಬರಕ್ಕೆ ಕರ್ಕೊಂಡು ಹೋಗ್ತೀಯಾ?” ಫ್ಯೂಜಿ ಪರ್ವತ, ಬುಲೆಟ್ ರೈಲು ಯಾವುದರ ಸುದ್ದಿಯನ್ನೂ ಎತ್ತಲಿಲ್ಲ. ಅಕಿಹಾಬರದಲ್ಲಿ ಕಾರ್ಡಿನ ಅಂಗಡಿಗಳು ಸಾಲುಸಾಲಾಗಿವೆ ಎಂದು ಎಲ್ಲೋ ನೋಡಿಕೊಂಡಿದ್ದ.

ನಾನು ಹೂಂ ಎಂದೆ. ಆದರೆ ಮನಸ್ಸಿನಲ್ಲಿ ಬೇರೆಯೇ ಲೆಕ್ಕವಿತ್ತು. ಊರಿಗೆ ಮರಳಿದ ಮೇಲೆ ಆ ಆಟವನ್ನು ಮೊಬೈಲಿನಿಂದ ತೆಗೆದುಹಾಕಬೇಕೆಂದು ನಾನೂ ನನ್ನವರೂ ತೀರ್ಮಾನಿಸಿ ಆಗಿತ್ತು.

ಅವನು ಆಡುವುದು ‘ಪೋಕೆಮಾನ್ ಟಿಸಿಜಿ ಪಾಕೆಟ್’ ಎಂಬ ಕಾರ್ಡಿನ ಆಟ. 2024ರ ಅಕ್ಟೋಬರ್ ಕೊನೆಯಲ್ಲಿ ಬಂದದ್ದು. ಹನ್ನೆರಡು ಗಂಟೆಗೊಮ್ಮೆ ಒಂದು ಪೊಟ್ಟಣ ಪುಕ್ಕಟೆಯಾಗಿ ಸಿಗುತ್ತದೆ. ಒಳಗೆ ಸಾಮಾನ್ಯವಾಗಿ ಐದು ಕಾರ್ಡು. ಯಾವುದು ಬರುತ್ತದೆಯೋ ಅವರವರ ಅದೃಷ್ಟ. ಹಣ ಕೊಟ್ಟರೆ ಇನ್ನಷ್ಟು ಪೊಟ್ಟಣ ಒಡೆಯಬಹುದು. ಅದಕ್ಕೆ ಮಾತ್ರ ನಾನು ಮೊದಲೇ ಪಾಸ್‌ವರ್ಡ್ ಹಾಕಿಟ್ಟಿದ್ದೆ. ಸೇರಿದ ಕಾರ್ಡುಗಳಲ್ಲಿ ಇಪ್ಪತ್ತನ್ನು ಆರಿಸಿ ಒಂದು ಕಟ್ಟು ಮಾಡಿಕೊಳ್ಳಬೇಕು. ಜಗತ್ತಿನ ಯಾವುದೋ ಮೂಲೆಯಲ್ಲಿರುವವರ ಎದುರು ಆಡಬೇಕು. ಮೂರು ಅಂಕ ಮೊದಲು ಗಳಿಸಿದವರು ಗೆದ್ದಂತೆ. 2025ರಲ್ಲಿ ರ್‍ಯಾಂಕಿನ ಪಂದ್ಯಗಳೂ ಬಂದವು. ನಮ್ಮ ಮನೆಯ ರಗಳೆ ಶುರುವಾದದ್ದು ಅಲ್ಲಿಂದಲೇ.

ಗೆದ್ದರೆ ಮನೆಯೆಲ್ಲ ಕುಣಿತ. ಸೋತರೆ ಊಟ ಬೇಡ, ಮಾತು ಬೇಡ. ಒಂದು ಸಂಜೆ ಸಿಟ್ಟಿನಲ್ಲಿ ಮೊಬೈಲನ್ನೇ ಎಸೆದ. ಗಾಜು ಬಿರುಕು ಬಿಟ್ಟಿತು. “ಯಾರ ಹತ್ರ ಸೋತೆಯೋ?” ಎಂದರೆ, “ಯಾರಿಗ್ ಗೊತ್ತು? ಯಾವನೋ ಒಬ್ಬ” ಎಂದ. ಆ ‘ಯಾವನೋ ಒಬ್ಬ’ ಎಂಬ ಮಾತು ಗಾಜಿಗಿಂತ ಹೆಚ್ಚಾಗಿ ನನ್ನನ್ನು ಚುಚ್ಚಿತು.

ಟೋಕಿಯೊದಲ್ಲಿ ನನ್ನ ತಮ್ಮ ಇರುವುದು ನಿಶಿ ಕಸಾಯಿ ಎಂಬಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ಭಾರತೀಯರು ಬಹಳ ಮಂದಿ ನೆಲೆಸಿರುವ ಬಡಾವಣೆ ಅದು. ತೊಗರಿಬೇಳೆ, ಸಾಸಿವೆಗೆ ಪರದಾಡಬೇಕಾಗಿಲ್ಲ. ಶನಿವಾರ ಸಂಜೆ ಅಲ್ಲಿಂದ ತೊಝಾಯ್ ಮಾರ್ಗದ ಮೆಟ್ರೊ ಹತ್ತಿ, ಕಯಾಬಾಚೊದಲ್ಲಿ ಇಳಿದು, ಹಿಬಿಯಾ ಮಾರ್ಗಕ್ಕೆ ಬದಲಾಯಿಸಿ ಅಕಿಹಾಬರ ತಲುಪಿದೆವು.

ಹೆಸರಿನ ಅಕ್ಷರಗಳನ್ನು ಬಿಡಿಸಿ ಓದಿದರೆ ‘ಶರತ್ಕಾಲದ ಎಲೆಯ ಬಯಲು’ ಎಂದಾಗುತ್ತದಂತೆ. ಈಗ ಬಯಲೂ ಇಲ್ಲ, ಎಲೆಯೂ ಇಲ್ಲ. ಎತ್ತ ನೋಡಿದರೂ ಮಿನುಗುವ ಫಲಕಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ರೈಲು ಸೇತುವೆಯ ಕೆಳಗೆ ರೇಡಿಯೊ ಬಿಡಿಭಾಗ ಮಾರುವ ಪುಟ್ಟ ಅಂಗಡಿಗಳು ಹುಟ್ಟಿಕೊಂಡವು. ಆಮೇಲೆ ಟಿ.ವಿ., ಫ್ರಿಜ್ಜು, ಕಂಪ್ಯೂಟರು. ಈಗ ಕಾಮಿಕ್ಸು, ಗೊಂಬೆ, ಆಟ. ನಿಲ್ದಾಣದ ಎದುರಿನ ‘ರೇಡಿಯೊ ಕೈಕಾನ್’ ಎಂಬ ಕಟ್ಟಡದ ಹೆಸರಿನಲ್ಲಿ ಇವತ್ತಿಗೂ ಆ ರೇಡಿಯೊ ಉಳಿದಿದೆ. ಒಳಗೆ ಸಿಗುವುದು ಮಾತ್ರ ಗೊಂಬೆ, ಕಾರ್ಡುಗಳೇ.

ನಾವು ಹೊಕ್ಕ ಅಂಗಡಿ ಕಿರಿದಾದ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿತ್ತು. ಚಿನ್ನದಂಗಡಿಯಲ್ಲಿ ಒಡವೆ ಇಟ್ಟ ಹಾಗೆ ಗಾಜಿನ ಕಪಾಟುಗಳಲ್ಲಿ ಕಾರ್ಡುಗಳು. ಒಂದೊಂದಕ್ಕೂ ಬೆಲೆಯ ಚೀಟಿ. ಕೆಲವು ಹತ್ತಾರು ಸಾವಿರ ಯೆನ್! ಪಕ್ಕದ ಡಬ್ಬಿಯಲ್ಲಿ ಇಪ್ಪತ್ತು ರೂಪಾಯಿಗೂ ಕಡಿಮೆಗೆ ಸಿಗುವ ಕಾರ್ಡುಗಳ ರಾಶಿ. “ಅಷ್ಟು ದುಡ್ಡಿನ ಕಾರ್ಡು ಇದ್ರೆ ಗೆಲ್ಲೋದು ಗ್ಯಾರಂಟಿನಾ?” ಎಂದು ಕೇಳಿದೆ. ಮಗ ನಕ್ಕ. “ಇಲ್ಲಮ್ಮ, ಅದು ಚಿತ್ರಕ್ಕೆ. ಅದೇ ಕಾರ್ಡು ಸಾದಾ ಚಿತ್ರದ್ದು ಆ ಡಬ್ಬೀಲೂ ಇರಬಹುದು. ಆಟದಲ್ಲಿ ಎರಡೂ ಒಂದೇ.” ಇಷ್ಟು ತಿಳಿದ ಹುಡುಗ ಮೊಬೈಲು ಯಾಕೆ ಎಸೆಯುತ್ತಾನೆ ಎಂದುಕೊಂಡೆ.

ಹಿಂದುಗಡೆ ಆಡುವ ಜಾಗ. ಉದ್ದನೆಯ ಮೇಜುಗಳು, ಎದುರುಬದುರು ಕುರ್ಚಿಗಳು. ಮಕ್ಕಳೇ ತುಂಬಿರುತ್ತಾರೆ ಎಂದುಕೊಂಡಿದ್ದೆ. ಅಲ್ಲಿದ್ದವರಲ್ಲಿ ಬಹಳ ಮಂದಿ ದೊಡ್ಡವರೇ. ಟೈ ಕಟ್ಟಿಕೊಂಡು ಆಫೀಸಿನಿಂದ ನೇರವಾಗಿ ಬಂದ ಹಾಗಿದ್ದರು. ಅಷ್ಟು ಜನವಿದ್ದರೂ ಕೇಳಿಸುತ್ತಿದ್ದುದು ಕಾರ್ಡು ಕಲೆಸುವ ಸರಸರ ಸದ್ದು ಮಾತ್ರ.

ತಮ್ಮ ಅಳಿಯನಿಗೊಂದು ಸಿದ್ಧ ಕಟ್ಟು ಕೊಡಿಸಿದ. ಒಂಟಿಯಾಗಿ ಕೂತಿದ್ದ, ನಲವತ್ತರ ಆಸುಪಾಸಿನ ಒಬ್ಬರನ್ನು “ಈ ಹುಡುಗನ ಜೊತೆ ಒಂದಾಟ ಆಡ್ತೀರಾ?” ಎಂದು ಕೇಳಿದ. ಅವರು ತಕ್ಷಣ ಎದ್ದುನಿಂತು, ನನ್ನ ಮಗನಿಗೆ, ಹನ್ನೊಂದು ವರ್ಷದ ಪೋರನಿಗೆ, ತಲೆ ಬಾಗಿಸಿ “ಯೊರೊಶಿಕು ಒನೆಗಾಯಿಶಿಮಾಸು” ಎಂದರು. ಇಲ್ಲಿ ಆಟಕ್ಕೆ ಮುಂಚೆ ಹೇಳುವ ಮಾತು ಅದು. ಇವನೂ ಗಡಬಡಿಸಿ ಬಾಗಿದ.

ಮೇಜಿನ ಮೇಲಿನ ಆಟ ಮೊಬೈಲಿನದಕ್ಕಿಂತ ದೊಡ್ಡದು. ಇಪ್ಪತ್ತರ ಬದಲು ಅರವತ್ತು ಕಾರ್ಡು. ಹಿಂದಿನ ಸಾಲಿನಲ್ಲಿ ಮೂರರ ಬದಲು ಐದು ಪೋಕೆಮಾನ್‌ಗಳಿಗೆ ಜಾಗ. ಶಕ್ತಿಯ ಕಾರ್ಡು ತಾನಾಗಿ ಬರುವುದಿಲ್ಲ, ಕಟ್ಟಿನಿಂದ ಕೈಗೆ ಬರಬೇಕು. ಆರು ಕಾರ್ಡುಗಳನ್ನು ಬಹುಮಾನವೆಂದು ಬೋರಲು ಹಾಕಿಟ್ಟಿರುತ್ತಾರೆ. ಎದುರಾಳಿಯ ಪೋಕೆಮಾನ್ ಬಿದ್ದಾಗಲೆಲ್ಲ ಅದರಿಂದ ಎತ್ತಿಕೊಳ್ಳಬೇಕು. ಆರೂ ಮುಗಿದರೆ ಗೆಲುವು. ಅಕ್ಷರ ಜಪಾನಿ ಆದರೂ ಚಿತ್ರ, ಅಂಕಿ ಪರಿಚಿತವೇ. ತಿಳಿಯದ್ದನ್ನು ತಮ್ಮ ಓದಿ ಹೇಳುತ್ತಿದ್ದ.

ಮೊದಮೊದಲು ನಮ್ಮವನದೇ ಮೇಲುಗೈ. ಮುಂದೆ ನಿಂತ ಒಂದೇ ಪೋಕೆಮಾನ್‌ಗೆ ಸಿಕ್ಕ ಶಕ್ತಿಯ ಕಾರ್ಡುಗಳನ್ನೆಲ್ಲ ಜೋಡಿಸಿ ಎರಡು ಬಹುಮಾನ ಎತ್ತಿಬಿಟ್ಟ. ಆಮೇಲೆ ಅದು ಬಿತ್ತು. ಬಿದ್ದ ಪೋಕೆಮಾನ್ ಜೊತೆ ಅದಕ್ಕೆ ಜೋಡಿಸಿದ್ದೆಲ್ಲವೂ ಹೋಗುತ್ತದೆ. ಹಿಂದೆ ಕೂತವುಗಳ ಹತ್ತಿರ ಏನೂ ಇರಲಿಲ್ಲ. ಅಲ್ಲಿಂದ ಸಾಲಾಗಿ ಸೋಲು.

ಕೊನೆಯ ಬಹುಮಾನವನ್ನು ಅವರು ಎತ್ತಿದಾಗ ಮಗನ ಕಿವಿ ಕೆಂಪಾಗಿತ್ತು. ತುಟಿ ಕಚ್ಚಿಕೊಂಡಿದ್ದ. ಎಲ್ಲಿ ಕಾರ್ಡು ಚೆಲ್ಲಿಬಿಡುತ್ತಾನೋ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ಅಷ್ಟರಲ್ಲಿ ಎದುರಿನವರು ಮತ್ತೆ ತಲೆ ಬಾಗಿಸಿ ಧನ್ಯವಾದ ಹೇಳಿದರು. ಹೊರಡಲಿಲ್ಲ. ತಮ್ಮ ಕೈಯಲ್ಲಿ ಉಳಿದಿದ್ದ ಕಾರ್ಡುಗಳನ್ನು ಮೇಜಿನ ಮೇಲೆ ಅಂಗಾತ ಹರಡಿದರು. ಗುಟ್ಟನ್ನೇ ಬಿಚ್ಚಿಟ್ಟ ಹಾಗೆ! ಆಮೇಲೆ ಏನೋ ಕೇಳಿದರು.

“ಕನ್ಸೋಸೆನ್ ಮಾಡೋಣವಾ ಅಂತಿದ್ದಾರೆ,” ಎಂದ ತಮ್ಮ. ಅದು ಜಪಾನಿನ ಚದುರಂಗ ಶೋಗಿಯಿಂದ ಬಂದ ರೂಢಿ. ಪಂದ್ಯ ಮುಗಿದ ಮೇಲೆ ಗೆದ್ದವರೂ ಸೋತವರೂ ಅದೇ ಮಣೆಯ ಮುಂದೆ ಕೂತು, ಎಲ್ಲಿ ಯಾವ ನಡೆ ಸರಿ, ಯಾವುದು ತಪ್ಪು ಎಂದು ಮಾತಾಡಿಕೊಳ್ಳುತ್ತಾರೆ. ದೊಡ್ಡ ದೊಡ್ಡ ವೃತ್ತಿಪರ ಆಟಗಾರರೂ ಮಾಡುತ್ತಾರೆ.

ಅವರು ಮಧ್ಯದ ಒಂದು ಘಟ್ಟವನ್ನು ಮತ್ತೆ ಜೋಡಿಸಿದರು. ನಮ್ಮವನ ಒಂದು ಶಕ್ತಿಯ ಕಾರ್ಡನ್ನು ಮುಂದಿನಿಂದ ತೆಗೆದು ಹಿಂದಿನ ಸಾಲಿಗೆ ಸರಿಸಿ, ಹುಬ್ಬೇರಿಸಿದರು. ಮಗ ನೋಡಿದ. “ಓ! ಹಿಂದಿನದಕ್ಕೂ ಮೊದಲೇ ಸ್ವಲ್ಪ ಕೊಟ್ಟಿರಬೇಕಿತ್ತು!” ಭಾಷಾಂತರ ಬೇಕಾಗಲಿಲ್ಲ. ಆಮೇಲೆ ಅವರು ತಮ್ಮದೇ ಒಂದು ಕಾರ್ಡನ್ನು ತೋರಿಸಿ ತಲೆಯಾಡಿಸಿದರು. “ಇದನ್ನ ನಾನು ಅವಸರಪಟ್ಟು ಹಾಕಿದೆ. ನೀನು ಗಮನಿಸಿದ್ದಿದ್ರೆ ನಾನೇ ಸೋಲ್ತಿದ್ದೆ ಅಂತಿದ್ದಾರೆ ಕಣೋ,” ಎಂದ ತಮ್ಮ. ಮಗನ ಮುಖ ಅರಳಿತು. ಹತ್ತು ನಿಮಿಷ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿದರು. ಆಟಕ್ಕಿಂತ ಅದೇ ನನಗೆ ಚೆನ್ನಾಗಿ ಕಂಡಿತು.

ಹೊರಡುವಾಗ ಯಾವ ಊರೆಂದು ಕೇಳಿದರು. ಮೈಸೂರು ಎಂದೆವು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಗಂಜೀಫಾ ಆಟಗಳನ್ನು ರಚಿಸಿದ ಊರು. ನಾನು ಮೊಬೈಲಿನಲ್ಲಿ ದುಂಡನೆಯ ದಶಾವತಾರದ ಎಲೆಗಳ ಚಿತ್ರ ತೋರಿಸಿದೆ. ಹತ್ತು ಅವತಾರಕ್ಕೆ ಹನ್ನೆರಡರಂತೆ ನೂರಿಪ್ಪತ್ತು ಎಲೆ. ಅವರಿಗೆ ಬಲು ಖುಷಿ. ತಮ್ಮಲ್ಲೂ ಹನಾಫುದ ಎಂಬ ಹೂವಿನ ಎಲೆಗಳಿವೆ ಎಂದರು. ಹನ್ನೆರಡು ತಿಂಗಳಿಗೆ ನಾಲ್ಕರಂತೆ ನಲವತ್ತೆಂಟು. ಇವತ್ತು ವಿಡಿಯೊ ಆಟಗಳಿಗೆ ಹೆಸರಾದ ನಿಂಟೆಂಡೊ 1889ರಲ್ಲಿ ಕ್ಯೋಟೊದಲ್ಲಿ ಶುರುವಾದದ್ದೂ ಆ ಎಲೆಗಳನ್ನು ಮಾಡಲೆಂದೇ.

ಮರಳುವ ಮೆಟ್ರೊದಲ್ಲಿ ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಅಮ್ಮಾ, ಮೊಬೈಲಲ್ಲಿ ಆಡುವಾಗ ಆ ಕಡೆ ಇರೋರೂ ಇಂಥೋರೇ ಇರಬಹುದು ಅಲ್ವಾ?” ಎಂದ. “ಇರಬಹುದು,” ಎಂದೆ.

ಆಟವನ್ನು ನಾನು ತೆಗೆದುಹಾಕಲಿಲ್ಲ. ಒಂದು ಕರಾರು ಮಾತ್ರ ಹಾಕಿದೆ: ಸೋತ ಮೇಲೆ ಮತ್ತೊಂದು ಆಟಕ್ಕೆ ಕೈ ಹಾಕುವ ಮುಂಚೆ ಹತ್ತು ನಿಮಿಷ, ಏನಾಯಿತೆಂದು ನನಗೆ ಹೇಳಬೇಕು. ಅದಕ್ಕಾಗಿ ನಾನೂ ಆಟ ಕಲಿಯಬೇಕಾಯಿತು. ಸಿಟ್ಟು ಪೂರ್ತಿ ಹೋಗಿದೆ ಎನ್ನಲಾರೆ. ಕೆಲವು ಸಲ ಆ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಗುಮ್ಮನೆ ಕೂತಿರುತ್ತಾನೆ.

ಮೊನ್ನೆ ಭಾನುವಾರ ಅಜ್ಜಿಯ ಜೊತೆ ಚೌಕಾಬಾರ ಆಡಿ ಸೋತ. ನಾನು ಅಡುಗೆಮನೆಯಿಂದ ಕಿವಿಗೊಟ್ಟೆ. ಕವಡೆ ಚೆಲ್ಲಿದ ಸದ್ದು ಬರಲಿಲ್ಲ.

“ಅಜ್ಜೀ, ನಾನು ತಪ್ಪಿದ್ದೆಲ್ಲಿ, ಹೇಳು.”

“ಒಂದೇ ಕಾಯಿನ ಹಣ್ಣು ಮಾಡೋ ಆತುರದಲ್ಲಿ ಓಡಿಸ್ದೆ ಕಣೋ. ಮಿಕ್ಕಿದ್ದೆಲ್ಲ ಮನೇಲೇ ಕೂತಿದ್ವು.”

ಒಂದು ಗಳಿಗೆ ಮೌನ. ಆಮೇಲೆ ಅವನು ಗಟ್ಟಿಯಾಗಿ ನಕ್ಕ. “ಅಕಿಹಾಬರದೋರೂ ಇದನ್ನೇ ಹೇಳಿದ್ರು ಅಜ್ಜೀ!”