ಹೆತ್ತೂರಿನ ಗುಡ್ಡದಿಂದ ಗಯಾದ ಬಯಲಿಗೆ

ಸಕಲೇಶಪುರದಿಂದ ಹೆತ್ತೂರಿನ ಬಸ್ಸು ಹತ್ತಿದವರಿಗೆ ಊರು ತಲಪುವ ಮೊದಲೇ ಒಂದು ಸಂಗತಿ ಮನದಟ್ಟಾಗುತ್ತದೆ. ಈ ಸೀಮೆಯಲ್ಲಿ ಸಮತಟ್ಟಾದ ನೆಲವೆಂಬುದು ಭತ್ತದ ಗದ್ದೆಗಳಿಗಷ್ಟೇ ಮೀಸಲು. ಮನೆ ಒಂದು ದಿಣ್ಣೆಯ ಮೇಲೆ, ಶಾಲೆ ಇನ್ನೊಂದು ದಿಣ್ಣೆಯ ಮೇಲೆ; ನಡುವೆ ಗದ್ದೆಯ ಬದು, ಹಳ್ಳ, ಹಳ್ಳಕ್ಕೊಂದು ಕಾಲುಸಂಕ, ಮತ್ತೆ ಕಾಫಿ ತೋಟದ ಏರು. ನೆರೆಮನೆಯಿಂದ ಹೆಪ್ಪಿಗೆ ಮಜ್ಜಿಗೆ ತರಬೇಕಾದರೂ ಇಳಿದು ಹತ್ತಲೇಬೇಕು. ಬಯಲುಸೀಮೆಯಿಂದ ಬಂದ ನಮ್ಮಂಥವರು ಅರ್ಧ ಏರಿನಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದರೆ, ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡ ಮಕ್ಕಳು ಮಾತು ನಿಲ್ಲಿಸದೆಯೇ ನಮ್ಮನ್ನು ದಾಟಿ ಹೋಗುತ್ತಾರೆ.

ಹೆತ್ತೂರು ಸಕಲೇಶಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿಂದ ಮುಂದೆ ವಣಗೂರಿನ ಮೇಲೆ ಸಾಗುವ ಹಾದಿ ಬಿಸಿಲೆ ಘಾಟಿಯನ್ನಿಳಿದು ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಹೋಗುತ್ತದೆ. ಆ ಹಾದಿಯಲ್ಲಿ ಮಂಕನಹಳ್ಳಿಯ ಬಳಿ ನೀರು ಎರಡಾಗಿ ಹರಿಯುವ ಏಣೊಂದಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಯನ್ನು ಸೇರಿ ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರೆಯ ಪಾಲಾಗಿ ಪಡುವಣ ಕಡಲಿಗೆ. ಬಿಸಿಲೆಯಲ್ಲಿ ನಿಂತರೆ ಎದುರಿಗೆ ೧,೭೧೨ ಮೀಟರ್ ಎತ್ತರದ ಪುಷ್ಪಗಿರಿ. ಪ್ರವಾಸಿಗಳು ಇದನ್ನೆಲ್ಲ ಕಂಡು ಚಿತ್ರ ತೆಗೆದುಕೊಂಡು ಮರಳುತ್ತಾರೆ. ನಾವು ಈ ನೆಲವನ್ನು ನೋಡಹೊರಟದ್ದು ಬೇರೊಂದು ಪ್ರಶ್ನೆಯನ್ನಿಟ್ಟುಕೊಂಡು. ಇಂಥ ಊರಿನ ಪ್ರೌಢಶಾಲೆಯ ಹುಡುಗಿಯೊಬ್ಬಳು ರಾಷ್ಟ್ರೀಯ ಗುಡ್ಡಗಾಡು ಓಟದ ಕೂಟಕ್ಕೆ ಹೋಗಬೇಕೆಂದು ಹಂಬಲಿಸಿದರೆ, ಅವಳ ಹಾದಿ ಎಂಥದು?

ಗುಡ್ಡಗಾಡು ಓಟವೆಂದರೆ ಕ್ರೀಡಾಂಗಣದ ವರ್ತುಲವನ್ನು ಬಿಟ್ಟು ಹುಲ್ಲು, ಮಣ್ಣು, ಕೆಸರು, ಏರು ಇಳಿವುಗಳ ಮೇಲೆ ಓಡುವುದು. ಒಂದು ಊರಿನ ನೆಲ ಇನ್ನೊಂದರಂತಿರದ ಕಾರಣ ಇಲ್ಲಿ ಗಡಿಯಾರದ ಲೆಕ್ಕಕ್ಕಿಂತ ಎಷ್ಟನೆಯವರಾಗಿ ಬಂದಿರಿ ಎಂಬುದೇ ಮುಖ್ಯ. ತಂಡದ ಓಟಗಾರರ ಸ್ಥಾನಗಳನ್ನು ಕೂಡಿಸಿ, ಯಾರ ಮೊತ್ತ ಕಡಮೆಯೋ ಅವರಿಗೆ ತಂಡದ ಬಹುಮಾನ. ಒಂದು ಕಾಲದಲ್ಲಿ ಇದು ಒಲಿಂಪಿಕ್ ಕ್ರೀಡೆಯೂ ಆಗಿತ್ತು. ೧೯೨೪ರ ಪ್ಯಾರಿಸ್ ಕೂಟದಲ್ಲಿ ಸುಡುಬಿಸಿಲಿನಲ್ಲಿ ಓಡಿಸಿದ್ದರಿಂದ ಹೊರಟ ೩೮ ಮಂದಿಯಲ್ಲಿ ೧೫ ಮಂದಿ ಮಾತ್ರ ಗುರಿ ತಲಪಿದರು. ಫಿನ್ಲೆಂಡಿನ ಪಾವೊ ನೂರ್ಮಿ ಗೆದ್ದರು. ಆ ಬಳಿಕ ಇದನ್ನು ಒಲಿಂಪಿಕ್‌ನಿಂದ ಕೈಬಿಡಲಾಯಿತು.

ನಮ್ಮ ದೇಶದಲ್ಲಿ ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ ಈ ರಾಷ್ಟ್ರೀಯ ಕೂಟವನ್ನು ನಡೆಸುತ್ತ ಬಂದಿದೆ. ೫೬ನೆಯದು ೨೦೨೨ರ ಮಾರ್ಚ್ ೨೬ರಂದು ನಾಗಾಲ್ಯಾಂಡಿನ ಕೊಹಿಮಾದಲ್ಲಿಯೂ, ೫೮ನೆಯದು ೨೦೨೪ರ ಜನವರಿ ೧೫ರಂದು ಬಿಹಾರದ ಗಯಾದಲ್ಲಿಯೂ ನಡೆದವು. ಹದಿನಾರರೊಳಗಿನ ಬಾಲಕ ಬಾಲಕಿಯರಿಗೆ ೨ ಕಿಲೋಮೀಟರ್, ಹದಿನೆಂಟರೊಳಗಿನ ಬಾಲಕಿಯರಿಗೆ ೪, ಬಾಲಕರಿಗೆ ೬ ಕಿಲೋಮೀಟರ್ ಓಟ, ಹಿರಿಯರಿಗೆ ೧೦. ಹೆಸರು ಗುಡ್ಡಗಾಡಿನದಾದರೂ ಕೂಟ ಗಯಾದಂಥ ಬಯಲಿನಲ್ಲಿಯೂ ನಡೆಯುತ್ತದೆ ಎಂಬುದನ್ನು ಮಲೆನಾಡಿನ ಮಕ್ಕಳು ಮೊದಲೇ ತಿಳಿದಿರುವುದು ಒಳಿತು. ಗುಡ್ಡ ಹತ್ತಬಲ್ಲವರು ಬಯಲಿನಲ್ಲಿಯೂ ಗೆದ್ದೇ ಗೆಲ್ಲುವರೆಂಬ ನಿಯಮವಿಲ್ಲ. ಬಯಲಿನ ಓಟಕ್ಕೆ ಬೇಕಾದದ್ದು ಉದ್ದಕ್ಕೂ ಒಂದೇ ಸಮನಾದ ವೇಗ. ಅದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

ಎತ್ತರದ ನಾಡಿನ ಗಾಳಿಯೇ ಓಟಗಾರರನ್ನು ಹುಟ್ಟಿಸುತ್ತದೆಂಬ ಮಾತೂ ಈ ಕಡೆ ಬಳಕೆಯಲ್ಲಿದೆ. ಅದು ಇಲ್ಲಿಗೆ ಸಲ್ಲದು. ಕೀನ್ಯಾದ ಓಟಗಾರರ ಊರಾದ ಇಟೆನ್ ಇರುವುದು ಸುಮಾರು ೨,೪೦೦ ಮೀಟರ್ ಎತ್ತರದಲ್ಲಿ. ನಮ್ಮ ರಾಷ್ಟ್ರೀಯ ಶಿಬಿರಗಳು ನಡೆಯುವ ಊಟಿ ೨,೨೦೦ ಮೀಟರಿಗೂ ಮಿಗಿಲು. ಸಕಲೇಶಪುರ ಸೀಮೆಯ ಎತ್ತರ ಇವುಗಳ ಅರ್ಧಕ್ಕಿಂತ ಕಡಮೆ. ಇಲ್ಲಿ ಗಾಳಿ ತೆಳುವಲ್ಲ. ಹೆತ್ತೂರು ಕೊಡುವ ಕೊಡುಗೆ ಏರು ಮತ್ತು ಇಳಿವು. ಏರು ಎದೆಯನ್ನೂ ಮೀನಖಂಡವನ್ನೂ ಗಟ್ಟಿಮಾಡುತ್ತದೆ. ಇಳಿವು ತೊಡೆಯ ಸ್ನಾಯುಗಳಿಗೆ ಪೆಟ್ಟು ತಾಳುವುದನ್ನು ಕಲಿಸುತ್ತದೆ. ಕಲ್ಲು ಬೇರುಗಳ ನಡುವೆ ಕಾಲಿಡುವ ಜಾಗವನ್ನು ಕಣ್ಣು ಮುಂಚಿತವಾಗಿ ಆರಿಸಿಕೊಳ್ಳುತ್ತದೆ. ಇದನ್ನು ದಿನವೂ ಕಲಿಸುತ್ತಿದ್ದ ಗುರು ಶಾಲೆಗೆ ಹೋಗುವ ಹಾದಿ.

ಇದು ಬರಿಯ ಅಭಿಮಾನದ ಮಾತಾಗದಿರಲೆಂದು ಎರಡು ನಿದರ್ಶನಗಳನ್ನು ಕೊಡುತ್ತೇವೆ. ೨೦೧೦ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ೧೦,೦೦೦ ಮೀಟರ್ ಓಟದ ಚಿನ್ನ ಗೆದ್ದ ಪ್ರೀಜಾ ಶ್ರೀಧರನ್, ನಮ್ಮಲ್ಲಿಯಂತೆಯೇ ಏಲಕ್ಕಿ ಮೆಣಸು ಬೆಳೆಯುವ ಕೇರಳದ ಇಡುಕ್ಕಿ ಬೆಟ್ಟಗಳವರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಂಡ್ವಾ ಗ್ರಾಮದ ಅವಿನಾಶ್ ಸಾಬ್ಳೆ ಬಾಲ್ಯದಲ್ಲಿ ಬಸ್ಸಿನ ಸೌಕರ್ಯವಿಲ್ಲದೆ ಆರು ಕಿಲೋಮೀಟರ್ ದೂರದ ಶಾಲೆಗೆ ನಡೆದು ಓಡಿ ಹೋಗುತ್ತಿದ್ದವರು. ಅವರು ಗುಡ್ಡಗಾಡು ಓಟಕ್ಕಿಳಿದದ್ದು ಸೇನೆ ಸೇರಿದ ಮೇಲೆ, ೨೦೧೫ರಲ್ಲಿ. ಅಲ್ಲಿಂದ ಅಡೆತಡೆಗಳ ಸ್ಟೀಪಲ್‌ಚೇಸ್‌ಗೆ ಹೊರಳಿ, ೨೦೨೨ರ ಕಾಮನ್‌ವೆಲ್ತ್ ಕೂಟದಲ್ಲಿ ಇಬ್ಬರು ಕೀನ್ಯಾದವರ ನಡುವೆ ಬೆಳ್ಳಿ ಗೆದ್ದರು; ೨೦೨೩ರ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಚಿನ್ನ. ಶಾಲೆಯ ಹಾದಿ ಕಲಿಸಿದ್ದು ವ್ಯರ್ಥವಾಗಲಿಲ್ಲ.

ಆದರೆ ಹೆತ್ತೂರು, ಯಸಳೂರು, ಆಲೂರು ಸೀಮೆಯಲ್ಲಿ ಆ ಗುರುವೇ ಈಗ ಅಪಾಯದಲ್ಲಿದ್ದಾನೆ. ಕಾರಣ ಕಾಡಾನೆ.

ಈ ಸಂಕಟ ಹೊಸತಲ್ಲ. ರಾಜ್ಯದ ಆನೆ ಕಾರ್ಯಪಡೆ ೨೦೧೨ರಲ್ಲಿ ಕೊಟ್ಟ ವರದಿಯ ತರುವಾಯ ೨೦೧೪ರಲ್ಲಿ ಆಲೂರು ಸಕಲೇಶಪುರ ಸೀಮೆಯಿಂದ ೨೨ ಆನೆಗಳನ್ನು ಹಿಡಿದು ಸಾಗಿಸಲಾಯಿತು. ತೆರವಾದ ತಾಣಕ್ಕೆ ಬೇರೆ ಆನೆಗಳು ಬಂದವು. ೨೦೨೩ರ ಡಿಸೆಂಬರ್ ೪ರಂದು ಹೆತ್ತೂರಿನ ನೆರೆಯ ಯಸಳೂರು ವಲಯದ ದಬ್ಬಳ್ಳಿಕಟ್ಟೆಯ ಬಳಿ, ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದೊಡನೆ ಕಾದಾಡಿ ಪ್ರಾಣಬಿಟ್ಟದ್ದನ್ನು ನಾಡೆಲ್ಲ ಬಲ್ಲದು. ಅಂಥ ಗಜರಾಜನೇ ಉಳಿಯದ ಹಾದಿಯಲ್ಲಿ ಹದಿನಾಲ್ಕು ವರ್ಷದ ಮಗಳನ್ನು ಮುಂಜಾನೆ ಐದೂವರೆಗೆ ಒಬ್ಬಳನ್ನೇ ಓಡಲು ಯಾವ ತಾಯಿ ಕಳುಹಿಸಿಯಾಳು?

ಓಟಗಾರರ ವೇಳೆಯೂ ಆನೆಗಳ ವೇಳೆಯೂ ಒಂದೇ ಆಗಿರುವುದು ಇಲ್ಲಿನ ತೊಡಕು. ರಾತ್ರಿ ಗದ್ದೆ ತೋಟಗಳಲ್ಲಿ ಮೇದ ಹಿಂಡು ನಸುಕಿನಲ್ಲಿ ಮರೆಯ ಜಾಗಕ್ಕೆ ಸರಿಯುತ್ತದೆ. ಮುಸ್ಸಂಜೆಗೆ ಮತ್ತೆ ಹೊರಡುತ್ತದೆ. ಸಾಲದ್ದಕ್ಕೆ ಭತ್ತ ಹಾಲುಗಟ್ಟಿ ಬಲಿಯುವ ಕಾಲಕ್ಕೆ ಆನೆಗಳ ಸಂಚಾರ ಹೆಚ್ಚು. ರಾಷ್ಟ್ರೀಯ ಕೂಟ ಜನವರಿಯಲ್ಲಾದರೆ ಅಭ್ಯಾಸ ಹುರಿಗೊಳ್ಳಬೇಕಾದ ತಿಂಗಳುಗಳೂ ಅವೇ. ಅದಕ್ಕೂ ಮುಂಚಿನ ತಿಂಗಳುಗಳನ್ನು ಮಳೆ ನುಂಗಿರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಜಾರುವ ಕೆಮ್ಮಣ್ಣು, ಪಾದಕ್ಕೆ ಹತ್ತುವ ಇಂಬಳ, ಹತ್ತು ಮಾರು ಆಚೆ ಏನಿದೆಯೆಂದು ಕಾಣಿಸದ ಮಂಜು. (ಇಂಬಳವನ್ನು ಸುಣ್ಣ ಹೊಗೆಸೊಪ್ಪಿನಿಂದ ಗೆಲ್ಲಬಹುದು, ಮಂಜಿನೊಳಗಿನ ಆನೆಯನ್ನು ಗೆಲ್ಲಲಾಗದು.) ಹೀಗಾಗಿ ಹಾದಿ ಕೈಬಿಟ್ಟು ಮಕ್ಕಳನ್ನು ಬಸ್ಸಿಗೋ ಜೀಪಿಗೋ ಹತ್ತಿಸುವ ಮನೆಗಳು ಹೆಚ್ಚುತ್ತಿವೆ. ಅವರನ್ನು ನಾವು ದೂರಲಾರೆವು.

ಹಾಗೆಂದು ಓಟವನ್ನೇ ಬಿಡಬೇಕೆಂದು ನಮಗೆ ತೋರಲಿಲ್ಲ. ವೇಳೆಯನ್ನೂ ಜಾಗವನ್ನೂ ಬದಲಿಸಬೇಕು. ಹಿಂಡು ಎಲ್ಲಿದೆಯೆಂಬುದನ್ನು ಮೊಬೈಲ್ ಸಂದೇಶ ಮತ್ತು ರಸ್ತೆಬದಿಯ ಫಲಕಗಳ ಮೂಲಕ ತಿಳಿಸುವ ಏರ್ಪಾಟು ಈ ಸೀಮೆಯಲ್ಲಿದೆ. ಓಟಕ್ಕೆ ಹೊರಡುವ ಮುನ್ನ ಅದನ್ನು ನೋಡುವುದು ಬೂಟಿನ ದಾರ ಕಟ್ಟಿಕೊಳ್ಳುವಷ್ಟು ಸಹಜವಾಗಬೇಕು. ಶಾಲೆಯ ಆಟದ ವೇಳೆಯಲ್ಲಿ, ಹತ್ತಾರು ಮಕ್ಕಳ ಜೊತೆಯಲ್ಲಿ, ಬೆಳಕಿರುವಾಗಲೇ ಓಡಲಿ. ಇನ್ನು ತೋಟವುಳ್ಳ ನಮ್ಮ ಮನೆತನಗಳವರಲ್ಲಿ ಒಂದು ಅರಿಕೆ. ಹಗಲಿನಲ್ಲಿ, ಆಳುಕಾಳುಗಳು ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ, ತೋಟದೊಳಗಿನ ಮಣ್ಣಿನ ರಸ್ತೆಗಳಷ್ಟು ಒಳ್ಳೆಯ ಗುಡ್ಡಗಾಡು ಓಟದ ನೆಲ ಇನ್ನೊಂದಿಲ್ಲ. ವಾರಕ್ಕೆರಡು ದಿನ ಶಾಲೆಯ ಮಕ್ಕಳಿಗಾಗಿ ಗೇಟು ತೆರೆದರೆ ಒಂದು ಕಾಯಿಯೂ ಉದುರುವುದಿಲ್ಲ.

ಅಡುಗೆಮನೆಯ ಮಾತೂ ಒಂದಿದೆ. ಬೆಳೆಯುವ ಹುಡುಗಿಯರಲ್ಲಿ ರಕ್ತಹೀನತೆ ಸಾಮಾನ್ಯ. ರಕ್ತದಲ್ಲಿ ಕಬ್ಬಿಣಾಂಶ ಕಡಮೆಯಾದರೆ ದೂರ ಓಡುವವರಿಗೆ ಮೊದಲು ಕೈಕೊಡುವುದು ಉಸಿರು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಲಿ. ಹುರುಳಿ, ಸೊಪ್ಪು, ರಾಗಿ ಊಟದಲ್ಲಿರಲಿ, ಜೊತೆಗೆ ನಿಂಬೆಹುಳಿ. ಉಂಡ ಕೂಡಲೇ ಕಾಫಿ ಕುಡಿದರೆ ಆಹಾರದ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಫಿ ಬೆಳೆದು ಬದುಕುವ ನಾಡಿನಲ್ಲಿ ಈ ಮಾತನ್ನು ಬರೆಯುವುದಕ್ಕೆ ನಮಗೇ ತುಸು ಸಂಕೋಚ. ಆದರೂ ಒಂದು ಗಂಟೆ ತಡೆದು ಕುಡಿಯಿರಿ ಎನ್ನದೆ ವಿಧಿಯಿಲ್ಲ.

ಶಾಲೆಯ ಕ್ರೀಡೆಯಲ್ಲಿ ಮೆಟ್ಟಿಲುಗಳು ಹಲವು: ಹೋಬಳಿ, ತಾಲ್ಲೂಕು, ಹಾಸನದಲ್ಲಿ ಜಿಲ್ಲೆ, ಮೈಸೂರು ವಿಭಾಗ, ಆಮೇಲೆ ರಾಜ್ಯ. ಫೆಡರೇಷನ್ನಿನ ಕೂಟಕ್ಕೆ ರಾಜ್ಯ ಅಥ್ಲೆಟಿಕ್ಸ್ ಸಂಸ್ಥೆಯ ಆಯ್ಕೆಯಲ್ಲಿ ಗೆಲ್ಲಬೇಕು. ಹೆಸರು ನೋಂದಾಯಿಸಿ ಜನನ ಪ್ರಮಾಣಪತ್ರವನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಗುಡ್ಡ ಹತ್ತಬಲ್ಲ ಎಷ್ಟೋ ಮಕ್ಕಳು ನಿಲ್ಲುವುದು ಇಂಥ ಕಾಗದಗಳ ಮುಂದೆ.

ಎಲ್ಲವೂ ಕೂಡಿಬಂದು ೨೦೨೪ರ ಗಯಾ ಕೂಟಕ್ಕೆ ಹೆತ್ತೂರಿನ ಹುಡುಗಿಯೊಬ್ಬಳು ರೈಲಿನಲ್ಲಿ ಹೊರಟಿದ್ದಳೆಂದು ಭಾವಿಸೋಣ. ಸಕಲೇಶಪುರದಲ್ಲಿ ರೈಲು ಹತ್ತಿ ಬೆಂಗಳೂರು. ಅಲ್ಲಿ ನಿಲ್ದಾಣ ಬದಲಿಸಿ ಪಾಟ್ನಾ ಕಡೆಗೆ ಹೋಗುವ ಸಂಘಮಿತ್ರ. ವಿಜಯವಾಡ, ನಾಗಪುರ, ಜಬಲ್ಪುರ, ಪ್ರಯಾಗರಾಜಗಳನ್ನು ದಾಟುತ್ತ ಎರಡು ರಾತ್ರಿ ಕಳೆದು, ಹಿಂದೆ ಮೊಘಲ್‌ಸರಾಯ್ ಎನಿಸಿಕೊಂಡಿದ್ದ ಜಂಕ್ಷನ್ನಿನಲ್ಲಿ ಇಳಿದು, ಮತ್ತೊಂದು ರೈಲಿನಲ್ಲಿ ಗಯಾ. ಕುಳಿತು ಕುಳಿತು ಕಾಲು ಊದುತ್ತದೆ. ಬೋಗಿಯ ಉದ್ದಕ್ಕೂ ನಡೆದಾಡಬೇಕು, ನಿಲ್ದಾಣಗಳಲ್ಲಿ ಇಳಿದು ಮೈ ಸಡಿಲಿಸಬೇಕು. ಅವಲಕ್ಕಿ, ಚಟ್ನಿಪುಡಿ, ಕಡಲೆ, ಬೆಲ್ಲ ಜೊತೆಗಿದ್ದರೆ ಹೊಟ್ಟೆ ಕೆಡುವ ಭಯವಿಲ್ಲ. ಆ ವರ್ಷ ಓಟದ ದಿನವೇ ಮಕರ ಸಂಕ್ರಾಂತಿ. ಮನೆಯಲ್ಲಿ ಎಳ್ಳುಬೆಲ್ಲ ಹಂಚುವ ಹೊತ್ತಿನಲ್ಲಿ ಅವಳು ಉತ್ತರದ ಚಳಿಯಲ್ಲಿ, ಬಯಲಿನಲ್ಲಿ, ಎದೆಗೆ ಸಂಖ್ಯೆ ಅಂಟಿಸಿಕೊಂಡು ಸಾಲಿನಲ್ಲಿ ನಿಂತಿರುತ್ತಿದ್ದಳು. ಅವಳ ವಯಸ್ಸಿಗೆ ಓಟ ಎರಡೇ ಕಿಲೋಮೀಟರ್. ಎಂಟು ಹತ್ತು ನಿಮಿಷದೊಳಗೆ ಮುಗಿಯುವ ಕೆಲಸ. ಹೋಗುವ ಬರುವ ಪಯಣಕ್ಕೇ ಆರು ದಿನ.

ಅವಳ ಕಾಲಿಗೆ ಒಗ್ಗುವ ನೆಲ ಅದಕ್ಕಿಂತ ಎರಡು ವರ್ಷ ಮೊದಲು, ಕೊಹಿಮಾದಲ್ಲಿತ್ತು. ಸಮುದ್ರಮಟ್ಟದಿಂದ ೧,೪೦೦ ಮೀಟರಿಗೂ ಮೇಲಿನ ಬೆಟ್ಟದೂರು ಅದು. ಆಗ ರೈಲು ಇದ್ದದ್ದು ದಿಮಾಪುರದವರೆಗೆ ಮಾತ್ರ, ಅಲ್ಲಿಂದ ಮುಂದಕ್ಕೆ ಬೆಟ್ಟದ ರಸ್ತೆ. ಅಲ್ಲಿ ಓಟ ನಡೆದದ್ದು ಶನಿವಾರ. ಕರ್ನಾಟಕದಲ್ಲಿ ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆ ಆರಂಭವಾದದ್ದು ಮಾರ್ಚ್ ೨೮ರ ಸೋಮವಾರ, ಮೊದಲನೆಯ ದಿನ ಪ್ರಥಮ ಭಾಷೆ. ಹತ್ತನೇ ತರಗತಿಯ ಮಗುವೊಂದು ಓಡಿ ಮುಗಿಸಿ ಅಂದೇ ದಿಮಾಪುರಕ್ಕಿಳಿದು ರೈಲು ಹಿಡಿದಿದ್ದರೂ, ಸೋಮವಾರದ ಬೆಳಿಗ್ಗೆ ಸಕಲೇಶಪುರದಲ್ಲಿ ಪ್ರಶ್ನೆಪತ್ರಿಕೆ ಹಂಚುವ ಹೊತ್ತಿಗೆ ಅದು ಇನ್ನೂ ಕರ್ನಾಟಕದ ಗಡಿಯನ್ನೇ ಮುಟ್ಟಿರುತ್ತಿರಲಿಲ್ಲ.