ಬದನೆ ಹೂವಿನ ನಂಟರು

ಬಸವನಗುಡಿಯಲ್ಲಿ ಬರಿಯ ಮಣ್ಣು ಕಾಣುವ ಮನೆಗಳು ಈಗ ಅಪರೂಪ. ನಮ್ಮ ಮನೆಯ ಪಕ್ಕದಲ್ಲಿ ಅಷ್ಟಿಷ್ಟು ಉಳಿದಿದೆ: ನಾಲ್ಕು ಬದನೆ, ತುಳಸಿ, ಒಂದು ಗುಲಾಬಿ. ನಿವೃತ್ತನಾದ ಮೇಲೆ ಕಾಫಿ ಲೋಟ ಹಿಡಿದು ಅಲ್ಲಿ ಕೂರುವುದೇ ನನ್ನ ಉದ್ಯೋಗ. ಕೂತು ಕೂತು ಹುಳುಗಳ ಗುರುತು ಹತ್ತಿತು.

ಹೂವಿಗೆ ಬಂದದ್ದೆಲ್ಲ ಜೇನಲ್ಲ. ಜೇನಿನ ಪಟ್ಟೆ ತೊಟ್ಟು ಬರುವ ನೊಣಗಳುಂಟು. ಅವಕ್ಕೆ ರೆಕ್ಕೆ ಎರಡು, ಜೇನಿಗೆ ನಾಲ್ಕು. ಹಾರುವಾಗ ಎಣಿಸುವುದು ಯಾರಿಂದಾದೀತು? ಮೀಸೆ ನೋಡಬೇಕು, ನೊಣದ್ದು ಗಿಡ್ಡ. ತುಡುವೆ, ಕೋಲುಜೇನು, ಇರುವೆಯಷ್ಟೇ ಗಾತ್ರದ ಚುಚ್ಚಲಾರದ ಮುಜಂಟಿ, ಒಣಮರ ಕೊರೆಯುವ ಕರಿದುಂಬಿ, ಇವೆಲ್ಲ ಬೇಗ ಪರಿಚಯವಾದವು. ಹೆಜ್ಜೇನು ಎತ್ತರದ ಮರ, ಕಟ್ಟಡಗಳಿಗೆ ಕಟ್ಟುವಂಥದು. ಅದರ ತಂಟೆ ನನಗೆ ಬೇಡ. ಗುಲಾಬಿಯ ಎಲೆಯನ್ನು ಕತ್ತರಿಯಿಂದೆಂಬಂತೆ ದುಂಡಗೆ ಕತ್ತರಿಸಿ ಒಯ್ಯುವುದೂ ಒಂದು ಜೇನೇ. ನನ್ನಾಕೆ ಬಹುಕಾಲ ಪಕ್ಕದ ಮನೆಯ ಹುಡುಗರನ್ನು ಶಂಕಿಸಿದ್ದಳು.

ಆದರೆ ನನ್ನ ಪಕ್ಷಪಾತವೆಲ್ಲ ನೀಲಿಪಟ್ಟೆಯ ಜೇನಿನ ಮೇಲೆ. ಶಾಸ್ತ್ರಜ್ಞರು ಇದರ ಕುಲಕ್ಕೆ ಅಮೆಗಿಲ್ಲ ಎನ್ನುತ್ತಾರೆ. ಬದನೆ ಹೂವಿನಲ್ಲಿ ಮಕರಂದವಿಲ್ಲ. ಪರಾಗವೋ ಕೇಸರದೊಳಗೆ ಭದ್ರ, ತುದಿಯಲ್ಲಿ ಸೂಜಿಮೊನೆಯಷ್ಟು ಕಿಂಡಿ. ತುಡುವೆಗೆ ಅದನ್ನು ಬಿಡಿಸುವ ವಿದ್ಯೆ ಬಾರದು. ನಮ್ಮ ನೀಲಿಪಟ್ಟೆ ಹೂವನ್ನು ತಬ್ಬಿ, ರೆಕ್ಕೆ ಬೀಸದೆಯೇ ಹಾರುವ ಸ್ನಾಯುಗಳನ್ನು ಕಂಪಿಸುತ್ತದೆ. ತಂಬೂರಿ ಮೀಟಿದಂತೆ ಸದ್ದು, ಪರಾಗ ಉದುರಿತು! ದುಂಬಿಗೂ ಈ ವಿದ್ಯೆ ಗೊತ್ತು, ಇಷ್ಟು ಸೊಗಸಿಲ್ಲ. ಸಂಜೆಯಾದರೆ ಗಂಡುಗಳು ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು ಸಾಲಾಗಿ ನಿದ್ರಿಸುತ್ತವೆ. ಹೆಣ್ಣು ಮಾತ್ರ ನೆಲದಲ್ಲಿ ತನ್ನದೇ ಬಿಲ ತೋಡಿ ಮರಿಗಳಿಗೆ ಪರಾಗ ಕೂಡಿಡುತ್ತದೆ.

ತೊಡಕು ಇಲ್ಲೇ. ಕಳೆದ ಮಳೆಗಾಲದಲ್ಲಿ ನನ್ನಾಕೆ ಆ ಮಣ್ಣಿನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. "ಅಪ್ಪ, ಪೂರ್ತಿ ಸಿಮೆಂಟು ಹಾಕಿಸಿಬಿಡೋಣ," ಎಂದ ಮಗ. ಅವನ ಮಾತು ಅನ್ಯಾಯವೆನ್ನಲು ನನಗೆ ಬಾಯಿಲ್ಲ. ಎಂದೋ ಓದಿದ್ದನ್ನು ಹೇಳಿದೆ: 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ಕರ್ನಾಟಕದ ತುಡುವೆ ಪೆಟ್ಟಿಗೆಗಳು ಬರಿದಾದವು, ಸಾಕುವವರು ಗೋಳಾಡಿದರು. ನೀಲಿಪಟ್ಟೆಗೆ ಸಾಕುವವರಿಲ್ಲ, ಗೋಳಾಡುವವರಾರು?

ಮಗ ನಕ್ಕ. ಕೊನೆಗೆ ಮಾತಾಡಿದವಳು ಕೈ ಮುರಿದುಕೊಂಡವಳೇ: "ನಡೆಯುವ ದಾರಿಗೆ ಚಪ್ಪಡಿ ಹಾಕಿಸು. ಗೋಡೆಯ ಬದಿ ಮೂರಡಿ ಬಿಡು. ವಾಂಗೀಬಾತು ತಿನ್ನುವವನು ನೀನೇ ತಾನೆ?"

ಸೋಮವಾರ ಗಾರೆಯವನು ಬರುತ್ತಾನೆ. ಬಿಲಗಳ ಸುತ್ತ ನಾಲ್ಕು ಕಡ್ಡಿ ನೆಟ್ಟು ದಾರ ಕಟ್ಟಿದ್ದೇನೆ.